ಬೈತಲೆಯ ಹಾಡು

ಅಜ್ಜಿ ನನ್ನ ತಲೆ ಬಾಚುವಾಗ ಬಾಚಣಿಗೆ ದಿನವೂ ಒಂದೇ ಕಡೆ ನಿಲ್ಲುತ್ತಿತ್ತು. ನೆತ್ತಿಯ ಮೇಲೆ ಬೈತಲೆ ತೆಗೆದು, ಕೂದಲನ್ನು ಎಡಕ್ಕೂ ಬಲಕ್ಕೂ ಸರಿಸಿ, ಕಿವಿಯ ಹತ್ತಿರ ಬರುವಷ್ಟರಲ್ಲಿ ಅವಳ ಕೈ ತಡೆಯುತ್ತಿತ್ತು. ಹೊರಗಿನಿಂದ ಯಾರೋ ಕರೆದಂತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂರುವಳು. ಆಮೇಲೆ "ಊಹೂಂ, ಬರ್ಲಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಜಡೆ ಹೆಣೆಯಲು ಶುರುಮಾಡುವಳು. ಏನು ಬರಲಿಲ್ಲ ಎಂದು ನಾನು ಕೇಳುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಐವತ್ತು ವರ್ಷಗಳ ಹಿಂದೆ ಮದುವೆಯಾಗಿ, ಬೆಟ್ಟದ ಮೇಲಿನ ತವರಿನಿಂದ ಎತ್ತಿನ ಗಾಡಿಯಲ್ಲಿ ಇಳಿದು ಬರುವಾಗ, ಬೀಗರ ಕಡೆಯವರ ಪದ್ಯಗಳೆಲ್ಲ ಮುಗಿದುಹೋಗಿ, ಅಜ್ಜಿ ತನ್ನ ಅಮ್ಮನ ಹಾಡನ್ನು ಒಂದು ಕಡವೆಗೆ ಕೊಟ್ಟುಬಿಟ್ಟಿದ್ದಳು.

ನಮ್ಮ ಊರಿನಿಂದ ಬೆಟ್ಟ ಹತ್ತುವುದಕ್ಕೆ ಇರುವುದು ಒಂದೇ ದಾರಿ. ಆ ದಾರಿಗೆ ಪ್ರಾಣಿ ಬಂದು ನಿಂತರೆ ಅದಕ್ಕೊಂದು ಪದ್ಯ ಕೊಡಬೇಕು. ಕೊಟ್ಟರೆ ಪಕ್ಕಕ್ಕೆ ಸರಿಯುತ್ತದೆ. ಕೊಟ್ಟ ಪದ್ಯ ಮಾತ್ರ ಕೊಟ್ಟವರ ಬಾಯಿಗೆ ಮತ್ತೆ ಬರುವುದಿಲ್ಲ. ಬೇರೆಯವರು ಹೇಳಿದರೆ ಕೇಳಬಹುದು, ಪುಸ್ತಕದಲ್ಲಿದ್ದರೆ ಓದಬಹುದು. ಹಾಳೆಯಿಂದ ಕಣ್ಣು ಎತ್ತಿದ ಕೂಡಲೇ ಹೋಯಿತು. ಪಕ್ಕದಲ್ಲಿ ಕೂತು ಕೇಳಿಸಿಕೊಂಡವರಿಗೆ ಏನೂ ಆಗುವುದಿಲ್ಲ, ಅವರಲ್ಲಿ ಅದು ಹಾಗೇ ಉಳಿಯುತ್ತದೆ. ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಕೊಡೆ ಹಿಡಿದು ಹೊರಡುವಂತೆ, ಬೆಟ್ಟಕ್ಕೆ ಹೋಗುವವರು ನಾಲ್ಕು ಪದ್ಯ ಇಟ್ಟುಕೊಂಡು ಹೊರಡುತ್ತಿದ್ದರು. ಬಸ್ ಸ್ಟ್ಯಾಂಡಿನ ಅರಳಿಕಟ್ಟೆಯ ಮೇಲೆ ತಿಮ್ಮರಸಯ್ಯ ಮೇಷ್ಟ್ರು ಕೂತು ದಾರಿಪದ್ಯ ಕಟ್ಟಿಕೊಡುತ್ತಿದ್ದರು. ಕಳೆದುಕೊಂಡರೆ ಹೊಟ್ಟೆ ಉರಿಯದಂಥ ಪದ್ಯಗಳು. ಚೀಟಿ ನೋಡಿ ಓದಿದರೆ ಪ್ರಾಣಿಗಳು ಒಪ್ಪುವುದಿಲ್ಲವಾದ್ದರಿಂದ, ಬಸ್ಸು ಹೊರಡುವ ಮುಂಚೆ ದೊಡ್ಡ ದೊಡ್ಡ ಮೀಸೆಯವರೂ ಮೇಷ್ಟ್ರ ಮುಂದೆ ಸಾಲಾಗಿ ಕೂತು ಬಾಯಿಪಾಠ ಒಪ್ಪಿಸುತ್ತಿದ್ದರು. ಯಾವನೋ ಒಬ್ಬ ಹದಿನೇಳರ ಮಗ್ಗಿ ಹೇಳಿ ಪಾರಾಗಲು ನೋಡಿದನಂತೆ. ಎದುರಿಗಿದ್ದ ಕಾಡುಕೋಣ, ನಮ್ಮ ಕಡೆ ಕಾಟಿ ಎನ್ನುತ್ತೇವೆ, ದಾರಿಯ ನಡುವೆ ಮಲಗಿಯೇ ಬಿಟ್ಟಿತಂತೆ. ದೇವರ ಮಂತ್ರಗಳನ್ನು ಯಾರೂ ಕೊಡುತ್ತಿರಲಿಲ್ಲ. ಅವು ನಮ್ಮವಲ್ಲವಲ್ಲ, ಕೊಡುವುದಕ್ಕೆ. ಹುಲಿ ಮಾತ್ರ ಯಾರಿಂದಲೂ ಏನನ್ನೂ ಕೇಳದೆ, ಯಾರ ಕಡೆಗೂ ನೋಡದೆ ದಾರಿ ದಾಟಿಕೊಂಡು ಹೋಗುತ್ತಿತ್ತು.

ನನ್ನ ಅಪ್ಪ ಸೀತಾಪತಿಗೆ ಹಿಟ್ಟಿನ ಗಿರಣಿ ಇತ್ತು. ಹಗಲೆಲ್ಲ ರಾಗಿ, ಗೋಧಿ. ಸಂಜೆಯಾದರೆ ಸ್ನಾನ ಮಾಡಿ, ಪಂಚೆ ಉಟ್ಟು, ಗುಡಿಯ ಜಗಲಿಯಲ್ಲಿ ಕಾವ್ಯ ಓದಲು ಕೂರುತ್ತಿದ್ದ. ಓದುವುದೆಂದರೆ ಹೆಸರಿಗೆ. ಪುಸ್ತಕ ಮುಂದೆ ಇರುತ್ತಿತ್ತು, ಹಾಳೆ ತಿರುವಿದ್ದನ್ನು ನಾನು ಕಂಡಿಲ್ಲ. ಅಷ್ಟು ಪದ್ಯಗಳು ಅವನ ಬಾಯಲ್ಲಿದ್ದವು. ನಾನು ಎಡಗಡೆಯ ಮೂರನೇ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದೆ. ಒಂದು ಸಲ ಕೇಳಿದ್ದು ನನ್ನಲ್ಲಿ ಉಳಿದುಬಿಡುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ನಾನು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. "ಭಾಗೀರಥಿ ಅಂತ ಹೆಸರಿಟ್ಟಿದ್ದೇ ತಪ್ಪಾಯ್ತು, ಒಂದು ಹನಿ ಮಾತೂ ಹರಿಯೋದಿಲ್ಲ ಇವಳಿಂದ" ಎಂದು ಅಮ್ಮ ಬಂದವರೆದುರು ನಗುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದಾಗ ಬೆಟ್ಟದ ಮೇಲಿನಿಂದ ಅಜ್ಜಿಯ ಅಕ್ಕ ಒಂದು ಕಾಗದ ಬರೆಸಿದಳು. ನಾವು ಅವಳನ್ನು ದೊಡ್ಡಜ್ಜಿ ಎನ್ನುತ್ತಿದ್ದೆವು, ಒಮ್ಮೆಯೂ ನೋಡಿರಲಿಲ್ಲ. ಆ ಹಾಡು ಇನ್ನು ಉಳಿದಿದ್ದು ಅವಳೊಬ್ಬಳಲ್ಲಿ. ಎಲ್ಲಿ ಕೊಟ್ಟುಬಿಡುವೆನೋ ಎಂದು ಅಕ್ಕ ಬೆಟ್ಟ ಇಳಿದಿರಲಿಲ್ಲ. ಕೊಟ್ಟುಬಿಟ್ಟೆನಲ್ಲ ಎಂಬ ನಾಚಿಕೆಗೆ ತಂಗಿ ಬೆಟ್ಟ ಹತ್ತಿರಲಿಲ್ಲ. ಕಾಗದದಲ್ಲಿ ಇಷ್ಟೇ ಇತ್ತು: "ನಾಲಗೆ ದಪ್ಪವಾಗುತ್ತಿದೆ ಕಣೇ ನಂಜಿ. ದಿನಕ್ಕೆರಡು ಮಾತು ಬಿದ್ದುಹೋಗುತ್ತಿವೆ. ಅಮ್ಮನ ಹಾಡು ಇನ್ನೂ ಇದೆ. ನಾಚಿಕೆ ಗೀಚಿಕೆ ಬಿಟ್ಟು ಬಾ."

ಮಾರನೆಯ ಬೆಳಿಗ್ಗೆಯೇ ಗಿರಣಿಯ ವ್ಯಾನಿನಲ್ಲಿ ಹೊರಟೆವು. ಮುಂದೆ ಅಪ್ಪ, ಅಜ್ಜಿ. ಹಿಂದೆ ಖಾಲಿ ಚೀಲಗಳ ಮೇಲೆ ಅಮ್ಮ, ನಾನು, ನನ್ನ ತಮ್ಮ ಗುಂಡ. ವ್ಯಾನು ಕುಲುಕಿದಾಗಲೆಲ್ಲ ಚೀಲಗಳಿಂದ ಹಿಟ್ಟು ಎದ್ದು, ಊರಿನ ಅಂಚಿಗೆ ಬರುವಷ್ಟರಲ್ಲಿ ಗುಂಡನ ಹುಬ್ಬು ಮುದುಕರ ಹುಬ್ಬಿನಂತಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಅಮ್ಮ, "ರೀ, ಮೇಷ್ಟ್ರ ಹತ್ರ ಒಂದು ಹತ್ತು ಪದ್ಯ ಕಲ್ತುಕೊಂಡು ಹೋಗೋಣ್ರೀ" ಎಂದಳು.

ಅಪ್ಪ ವ್ಯಾನು ನಿಲ್ಲಿಸಲೇ ಇಲ್ಲ. "ಆ ಪದ್ಯಾನಾ? ಎಮ್ಮೆ ಕೂಡ ಮುಖ ತಿರುಗಿಸ್ಕೊಳ್ಳತ್ತೆ. ನನ್ನ ಹತ್ರ ಏನು ಪದ್ಯಕ್ಕೆ ಬರವಾ?"

"ಬರ ಇಲ್ಲ ಅಂತ ಚೆಲ್ಲಬೇಕಾ?"

"ಪ್ರಾಣಿಯಾದ್ರೂ ಅದೂ ಕೇಳೋ ಜೀವ ಅಲ್ವೇನೇ? ಕೊಡೋದಾದ್ರೆ ಒಳ್ಳೇದನ್ನ ಕೊಡ್ಬೇಕು." ಅಪ್ಪ ಗೇರು ಬದಲಿಸಿದ. ಅಮ್ಮ ಸುಮ್ಮನಾದಳು. ಅವಳು ಸುಮ್ಮನಾದ ರೀತಿ ನೋಡಿ ನನಗೆ ಅನುಮಾನ ಬಂತು.

ಪ್ರಾಣಿಗಳ ದಾರಿ ಶುರುವಾಗುವ ಗಡಿಕಲ್ಲು ದಾಟಿ ಮೂರು ತಿರುವು ಹತ್ತಿದ್ದೆವೋ ಇಲ್ಲವೋ, ಮುಸುವ ಕೋತಿಗಳ ಹಿಂಡೊಂದು ಅಡ್ಡ ಬಂದಿತು. ಕಪ್ಪು ಮುಖದ ಗಂಡು ಗಡವವೊಂದು ಎದುರಿಗೆ ಬಂದು ಕೂತು ಹೊಟ್ಟೆ ಕೆರೆದುಕೊಂಡಿತು. ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದೇ ಉಸಿರಿಗೆ ಹೇಳಿಬಿಟ್ಟಳು: "ಬದನೆಯ ಕಾಯಿಗೆ ಕೊಡೆ ಕೊಟ್ಟವರಾರು? ಮಳೆಯಲಿ ನೆನೆಯದು, ಬಿಸಿಲಿಗೆ ಬಾಡದು. ಎಣ್ಣೆಗೆ ಬಿದ್ದರೆ ಕೊಡೆ ಯಾವುದೋ, ಕಾಯಾವುದೋ!" ಮುಸುವಗಳು ಒಂದರ ಹಿಂದೊಂದು ಮರಕ್ಕೆ ನೆಗೆದವು.

"ಯಾವಾಗ ಕಲ್ತೆ ಇದನ್ನ?" ಅಪ್ಪನ ಕಿವಿ ಕೆಂಪಾಗಿತ್ತು.

"ನಿನ್ನೆ ತರಕಾರಿಗೆ ಹೋದಾಗ" ಎಂದಳು ಅಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ.

ಗುಂಡನಿಗೆ ಅದು ಬಹಳ ಹಿಡಿಸಿತು. ಚೀಲ ಬಡಿಯುತ್ತಾ ಅದನ್ನೇ ಹಾಡತೊಡಗಿದ. ಅಮ್ಮ ಕಣ್ಣರಳಿಸಿ ಕೇಳಿದಳು. "ಇದೇನಾ ನಾನು ಹೇಳಿದ್ದು? ಥೂ, ಇಷ್ಟು ಪೆದ್ದಪೆದ್ದಾಗಿತ್ತಾ!" ಅಜ್ಜಿ ಮುಂದಿನ ಸೀಟಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬೆಟ್ಟದ ಕಡೆ ಮುಖ ಮಾಡಿದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಅರ್ಧ ದಾರಿಯಲ್ಲಿ ಹುಲ್ಲುಗಾವಲು ಬಂತು. ಅಲ್ಲಿ ಕಾಟಿಗಳು ನಿಂತಿದ್ದವು. ಬಿಳಿಯ ಕಾಲುಚೀಲ ಹಾಕಿಕೊಂಡ ಹನ್ನೊಂದು ಕಪ್ಪು ಬಂಡೆಗಳು. ಕಾಟಿಯ ಹಿಂಡು ಒಟ್ಟಿಗೆ ಒಂದು ಪದ್ಯಕ್ಕೆ ಸರಿಯುವುದಿಲ್ಲ, ಒಂದೊಂದಕ್ಕೂ ಒಂದೊಂದು ಬೇಕು. ಅಪ್ಪ ವ್ಯಾನಿನಿಂದ ಇಳಿದು, ಚಪ್ಪಲಿ ಬಿಟ್ಟು, ಟವೆಲನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡ. ಗುಡಿಯ ಜಗಲಿಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ. ಮೊದಲನೆಯದಕ್ಕೆ ಹೊಳೆ ದಾಟುವ ಪದ್ಯ ಕೊಟ್ಟ. ಎರಡನೆಯದಕ್ಕೆ ರಾಣಿ ಮಗುವನ್ನು ಬೀಳ್ಕೊಡುವ ಪದ್ಯ. ಮೂರನೆಯದಕ್ಕೆ ರಥ ಹೂತುಹೋಗುವ ಪದ್ಯ. ಒಂದೊಂದು ಮುಗಿದಾಗಲೂ ಒಂದೊಂದು ಕಾಟಿ ತಲೆ ತಗ್ಗಿಸಿ ಹುಲ್ಲಿನೊಳಗೆ ಇಳಿದುಹೋಗುತ್ತಿತ್ತು. "ರೀ, ಆ ಕರುವಿಗೂ ಪೂರ್ತಿ ಪದ್ಯ ಯಾಕೆ? ನನ್ನ ಹತ್ರ ಕುಂಬಳಕಾಯಿದು ಇದೆ" ಎಂದು ಅಮ್ಮ ಕೂಗಿದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಹನ್ನೊಂದನೆಯದು ಹೋದ ಮೇಲೆ ಬಂದು ಸ್ಟಿಯರಿಂಗ್ ಹಿಡಿದು ಕೂತ. ದೊಡ್ಡ ಹಬ್ಬ ಮುಗಿದ ಮಾರನೆಯ ದಿನದ ಮನೆಯಂತಿತ್ತು ಅವನ ಮುಖ. "ಚೆನ್ನಾಗಿ ಕೇಳಿದವು" ಎಂದಷ್ಟೇ ಹೇಳಿದ.

ದೊಡ್ಡಜ್ಜಿ ಇದ್ದದ್ದು ಪಶುಆಸ್ಪತ್ರೆಯ ಹಿಂದಿನ ವಠಾರದಲ್ಲಿ, ಎರಡು ಕೋಣೆಯ ಮನೆಯಲ್ಲಿ. ನಾವು ಹೋದಾಗ ಬಿಸಿಲಿಗೆ ಬೆನ್ನುಕೊಟ್ಟು ಕೂತಿದ್ದಳು. ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡಿದರು. ಐವತ್ತು ವರ್ಷಗಳ ಮೇಲೆ ಏನು ಹೇಳುತ್ತಾರೋ ಎಂದು ನಾನು ಕಾದೆ.

"ಎಷ್ಟು ಕಪ್ಪಗಾಗಿದೀಯೇ ನಂಜಿ" ಎಂದಳು ದೊಡ್ಡಜ್ಜಿ. ಮಾತು ಒಂದೊಂದಾಗಿ, ಕಲ್ಲು ಎತ್ತಿಟ್ಟಂತೆ ಬರುತ್ತಿತ್ತು.

"ನೀನೇನು ಬೆಳ್ಳಗಿದೀಯಾ? ಹಲ್ಲೆಲ್ಲಿ ಹೋದವು?"

"ನಿಂಗೋಸ್ಕರ... ಕಾದೂ ಕಾದೂ... ಬಿದ್ದವು."

ಇಬ್ಬರೂ ಅಳುವುದಕ್ಕೆ ಶುರುಮಾಡಿದರು. ಅಮ್ಮ ಕಾಫಿ ಮಾಡುತ್ತೇನೆಂದು ಒಳಗೆ ಹೋದಳು. ಗುಂಡ ಆಸ್ಪತ್ರೆಯ ಕರು ನೋಡಲು ಓಡಿದ. ದೊಡ್ಡಜ್ಜಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದೆಳೆದು ತನ್ನ ಮುಂದೆ ಕೂರಿಸಿಕೊಂಡಳು. ಅಪ್ಪ ಹೊಸಿಲ ಮೇಲೆ ಕೂತಿದ್ದ. ಅವಳು ನನ್ನ ಜಡೆ ಬಿಚ್ಚಿ, ನೆತ್ತಿಯ ಮೇಲೆ ಬಾಚಣಿಗೆಯ ಹಲ್ಲು ಇಟ್ಟು, ಹಾಡಿದಳು. ಮಾತಿನಲ್ಲಿ ಇದ್ದ ತೊಡರು ಹಾಡಿನಲ್ಲಿ ಇರಲಿಲ್ಲ. "ಬೈತಲೆ ತೆಗೆದೆನು ಬೆಟ್ಟದ ದಾರಿ, ಎಡಕೊಂದು ಕಾಡು, ಬಲಕೊಂದು ಕಾಡು, ನಡುವಲಿ ಹೋಗುವ ನನ್ನಯ ಕೂಸೇ, ತುದಿ ಮುಟ್ಟೊ ಮೊದಲೊಮ್ಮೆ ತಿರುಗಿ ನೋಡು." ಮಾತು ಇಷ್ಟೇ. ಧಾಟಿಯನ್ನು ಬರೆಯಲು ನನಗೆ ಬರುವುದಿಲ್ಲ. ಬಾಚಣಿಗೆ ಕೂದಲಿನಲ್ಲಿ ಇಳಿದಂತೆ ಅದು ಇಳಿಯುತ್ತದೆ. ಕಿವಿಯ ಹತ್ತಿರ ಒಂದು ಸಿಕ್ಕು ಬಿಡಿಸಿಕೊಂಡಂತೆ ಸುತ್ತಿ, ಮತ್ತೆ ಇಳಿಯುತ್ತದೆ.

"ಇದೇನಾ ಅಕ್ಕಾ?" ಎಂದಳು ಅಜ್ಜಿ, ಮೆಲ್ಲಗೆ.

"ಇದೇ ಕಣೇ."

"ಗುರುತೇ ಸಿಗಲಿಲ್ಲ ನೋಡು ನಂಗೆ" ಎಂದು ಅಜ್ಜಿ ಅಕ್ಕನ ಮೊಣಕಾಲಿನ ಮೇಲೆ ತಲೆ ಇಟ್ಟಳು.

ದೊಡ್ಡಜ್ಜಿ ಮತ್ತೊಮ್ಮೆ ಹಾಡಲು ನೋಡಿದಳು, ಆಗಲಿಲ್ಲ. ನಾಲಗೆ ತಡವರಿಸಿತು. ಮಾರನೆಯ ಬೆಳಿಗ್ಗೆ ಅವಳು ಎದ್ದಾಗ ಬಾಯಲ್ಲಿ ಮಾತೇ ಇರಲಿಲ್ಲ. ಆದರೆ ಅಪ್ಪ ಒಂದೇ ಸಲಕ್ಕೆ ಹಿಡಿದುಕೊಂಡಿದ್ದ. ಹಿಂದಿನ ದಿನ ಸಂಜೆಯೇ ಅಮ್ಮ ಅವನನ್ನು ಕೇಳಿದ್ದಳು: "ನಂಗೂ ಹೇಳ್ಕೊಡಿ ಅಂದ್ರೆ. ಒಬ್ಬರ ಹತ್ರಾನೇ ಇರೋದು ಬೇಡ."

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ? ಊರಿಗೆ ಹೋದ ಮೇಲೆ ನಿಧಾನವಾಗಿ ಹೇಳ್ಕೊಡ್ತೀನಿ. ನಿನ್ನ ಕುಂಬಳಕಾಯಿ ಜೊತೆ ಸೇರಿಸಿ ಕೆಡಿಸ್ಬೇಡ."

ಇಳಿಯುವ ದಿನ ಬೆಟ್ಟವೆಲ್ಲ ದಾರಿಗೆ ಬಂದಂತಿತ್ತು. ಕೆಂಜಳಿಲು, ಕಾಡುಕುರಿ, ಮುಸುವ, ಕಡವೆ, ಮತ್ತೆ ಕಡವೆ. ಅಮ್ಮನ ಕುಂಬಳಕಾಯಿ, ಹೀರೆಕಾಯಿ, ಮುರಿದ ಕೊಡೆ ಎಲ್ಲ ಒಂದೊಂದಾಗಿ ಹೋದವು. ಅಪ್ಪನ ಪದ್ಯಗಳೂ ತಿರುವಿಗೆ ಹತ್ತರಂತೆ ಖಾಲಿಯಾಗುತ್ತಾ ಬಂದವು. ನವಿಲೊಂದು ಬಾಲ ಎಳೆದುಕೊಂಡು ಬಂದು ನಿಂತಾಗ ಗುಂಡ, "ನಾನು, ನಾನು!" ಎಂದು ಕಿಟಕಿಗೆ ಹತ್ತಿ ಬದನೆಕಾಯಿಯ ಪದ್ಯ ಹೇಳಿದ. ನವಿಲು ಹೋಯಿತು. ಗುಂಡ ನಗುತ್ತಾ ತಿರುಗಿ ಬಾಯಿ ತೆರೆದ, ತೆರೆದೇ ಇದ್ದ. "ಅಕ್ಕಾ, ಅದು ಇಲ್ಲ ಕಣೇ" ಎಂದು ಅತ್ತ. ನಾನು ಅವನನ್ನು ತೊಡೆಯ ಮೇಲೆ ಎಳೆದುಕೊಂಡೆ. ನನ್ನಲ್ಲಿ ಅದು ಇತ್ತು. ಅಪ್ಪ ಕಾಟಿಗಳಿಗೆ ಕೊಟ್ಟ ಹನ್ನೊಂದೂ ಇದ್ದವು. ಹೇಳಲಿಲ್ಲ. ದಾರಿಯಲ್ಲಿ ಹಾಡಿದರೆ ಯಾವ ಪೊದೆಯ ಹಿಂದೆ ಯಾವುದು ಕೇಳಿಸಿಕೊಳ್ಳುತ್ತದೋ ಎಂದು ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ನನ್ನ ದನಿಯ ಹೆದರಿಕೆ.

ಕಡೆಯ ತಿರುವುಗಳಿಗೆ ಬರುವಾಗ ಅಪ್ಪ ತನ್ನ ಕಡೆಯ ಪದ್ಯವನ್ನು ಒಂದು ಕರಡಿಗೆ ಕೊಟ್ಟಿದ್ದ. ಗಡಿಕಲ್ಲು ಕೆಳಗೆ ಕಾಣುತ್ತಿತ್ತು. ಅಷ್ಟರಲ್ಲಿ ನಮ್ಮ ಎದುರಿಗೇ ಆನೆ ನಿಂತಿತ್ತು. ಕಾಲುಗಳ ನಡುವೆ ಮರಿ. ಅಪ್ಪ ಬ್ರೇಕು ಒತ್ತಿ, ಹಿಂದೆ ನೋಡಿ ರಿವರ್ಸ್ ಹಾಕಿದ; ಹಿಂದಿನ ತಿರುವಿನಲ್ಲಿ ಇನ್ನೂ ಎರಡು ಆನೆ ಇಳಿದು ಬಂದವು. ಎಂಜಿನ್ ಆಫ್ ಮಾಡಿದ.

"ಪದ್ಯ ಇದೆಯೇನ್ರೀ?" ಎಂದಳು ಅಮ್ಮ, ಉಸಿರಿನಲ್ಲಿ.

ಅಪ್ಪ ಇಳಿದು ನಿಂತು, "ಆನೆಯೇ... ಆನೆಯೇ... ಗಂಭೀರ ಆನೆಯೇ..." ಎಂದು ತಾನೇ ಕಟ್ಟಲು ನೋಡಿದ. ಆನೆ ಕಿವಿ ಬೀಸುವುದನ್ನು ನಿಲ್ಲಿಸಿ ಕಾದಿತು. ಮುಂದಿನದು ಬರಲಿಲ್ಲ. ಅಷ್ಟು ಪದ್ಯ ಓದಿದವನಿಗೆ ಒಂದು ಸಾಲು ಕಟ್ಟಲು ಬರುತ್ತಿರಲಿಲ್ಲ. ಮರಿ ಎರಡು ಹೆಜ್ಜೆ ವ್ಯಾನಿನ ಕಡೆ ಬಂತು. ತಾಯಿ ಆನೆ ಸೊಂಡಿಲೆತ್ತಿ ಕೂಗಿದ್ದಕ್ಕೆ ವ್ಯಾನಿನ ಗಾಜು ಅದುರಿತು. ಗುಂಡ ನನ್ನ ತೊಡೆಯಲ್ಲಿ ಮುಖ ಹುದುಗಿಸಿದ.

"ಕೊಟ್ಬಿಡೋ ಸೀತಾಪತಿ" ಎಂದಳು ಅಜ್ಜಿ.

"ಇಲ್ಲಮ್ಮ."

"ಮಕ್ಕಳು ಗಾಡೀಲಿದಾರೆ ಕಣೋ."

"ಒಂದ್ಸಲ ನಿನ್ನ ಕೈಯಿಂದ ಹೋಯ್ತು. ಈಗ ನನ್ನ ಕೈಯಿಂದ್ಲೂ ಹೋಗ್ಬೇಕಾ? ಅಲ್ಲಿ ದೊಡ್ಡಮ್ಮನ ಬಾಯೂ ನಿಂತುಹೋಗಿದೆ. ಇನ್ಯಾರ ಹತ್ರ ಇದೆ ಅದು?" ಅಮ್ಮ ಅವನನ್ನು ನೋಡಿದಳು. ಹೇಳಬಹುದಾದ್ದನ್ನು ಹೇಳಲಿಲ್ಲ.

ನನ್ನ ಹಲ್ಲಿನ ಹಿಂದೆ ಬದನೆಕಾಯಿಯ ಪದ್ಯ ಬಂದು ನಿಂತಿತ್ತು. ಅದನ್ನು ಹೇಳಿದ್ದರೆ ಸಾಕಿತ್ತು. ಮೂರು ಸಾಲು. ನಾನು ಬಾಯಿ ತೆರೆದೆ. ಗಾಳಿ ಒಳಗೆ ಬಂತು, ಮಾತು ಹೊರಗೆ ಬರಲಿಲ್ಲ. ಇನ್ನೊಮ್ಮೆ ತೆರೆದೆ. ಅಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿ, ಕೈ ಜೋಡಿಸಿ, ಬೈತಲೆಯ ಹಾಡು ಶುರುಮಾಡಿದ್ದ. ಅವನು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಅಜ್ಜಿ ಮುಂದಿನ ಸೀಟಿನಿಂದ ಹಿಂದಕ್ಕೆ ಕೈ ಚಾಚಿ, ಹಾಡು ಮುಗಿಯುವವರೆಗೂ ನನ್ನ ಬೈತಲೆಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಕಡೆಯ ಸಾಲು ಮುಗಿದಾಗ ಆನೆ ಮರಿಯನ್ನು ಮುಂದಿಟ್ಟುಕೊಂಡು ಇಳಿಜಾರಿಗೆ ಇಳಿಯಿತು. ಕಾಡಿನೊಳಗೆ ಹೋಗುವ ಮುಂಚೆ ಒಮ್ಮೆ ತಿರುಗಿ ನೋಡಿತು.

ಅಪ್ಪ ಬಂದು ಕೂತ. ವ್ಯಾನು ಹೊರಟಿತು. ಉಳಿದ ದಾರಿಯುದ್ದಕ್ಕೂ ನಾನು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ, ಬಾಯಿ ತುಂಬ ನೀರು ಹಿಡಿದವಳಂತೆ. ಪ್ರತಿ ಪೊದೆಯನ್ನೂ ನೋಡಿ ದೇವರನ್ನು ನೆನೆದೆ. ಯಾವುದೂ ಅಡ್ಡ ಬರಲಿಲ್ಲ. ಗಡಿಕಲ್ಲು ದಾಟಿ, ಟೀ ಅಂಗಡಿಯ ಮುಂದೆ ಅಪ್ಪ ವ್ಯಾನು ನಿಲ್ಲಿಸಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದ. ನಾನು ಇಳಿದು ಅಜ್ಜಿಯ ಬಾಗಿಲ ಹತ್ತಿರ ನಿಂತು, ನೆಲ ನೋಡುತ್ತಾ, ಹಾಡಿದೆ. ಮೊದಲಿಂದ ಕಡೆಯವರೆಗೆ, ಕಿವಿಯ ಹತ್ತಿರದ ಆ ಸುತ್ತನ್ನೂ ಸೇರಿಸಿ.

ಅಪ್ಪನ ಕೈಯ ಚೊಂಬಿನಿಂದ ನೀರು ಸುರಿಯುತ್ತಲೇ ಇತ್ತು. ಅಮ್ಮ, "ಅಯ್ಯೋ ನಮ್ಮಪ್ಪಾ, ಇವಳಿಗೆ ದನಿ ಇದೆ!" ಎಂದಳು. ಅಜ್ಜಿ ಮಾತ್ರ ನನ್ನನ್ನೇ ನೋಡಿದಳು.

"ಇದೇನಾ?" ಎಂದಳು.

"ಇದೇ ಅಜ್ಜಿ."

"ನಂಗಂತೂ ಗೊತ್ತಾಗಲ್ಲ. ನೀನು ಹೇಳಿದ ಮೇಲೆ ಇದೇ."

ಆಗ ನನಗೆ ಅಳು ಬಂತು. "ಅಜ್ಜಿ, ನಂಗೆ ಬದನೆಕಾಯಿ ಪದ್ಯಾನೂ ಗೊತ್ತಿತ್ತು. ಆನೆಗೆ ಅದನ್ನೇ ಹೇಳಬಹುದಿತ್ತು. ಹೇಳೋಕಾಗ್ಲಿಲ್ಲ. ಹೇಳಿದ್ರೆ ಅಪ್ಪನ ಹತ್ರ ಉಳೀತಿತ್ತು."

ಅಜ್ಜಿ ನನ್ನ ಮೂಗನ್ನು ತನ್ನ ಸೆರಗಿನಿಂದ ಒರೆಸಿದಳು. "ಹೇಳಿದ್ರೆ ನೀನು ಇವತ್ತು ಬದನೆಕಾಯಿ ಕಳ್ಕೊಂಡು ಸುಮ್ನೆ ಕೂತಿರ್ತಿದ್ದೆ. ಈ ಬಾಯಲ್ಲಿ ಇದನ್ನ ನಾನು ಎಲ್ಲಿ ಕೇಳ್ತಿದ್ದೆ? ಬಿಡು. ಆನೆಗಾದ್ರೂ ಒಳ್ಳೇದೇ ಸಿಕ್ತು."

ಕಾರ್ತೀಕದಲ್ಲಿ ದೊಡ್ಡಜ್ಜಿ ಹೋದಳು. ಅಪ್ಪ, ಅಜ್ಜಿ ಮೇಷ್ಟ್ರ ಮುಂದೆ ಕೂತು ಪದ್ಯ ಕಲಿತು ಬೆಟ್ಟಕ್ಕೆ ಹೋಗಿ ಬಂದರು. ನನ್ನನ್ನು ಕರೆಯಲಿಲ್ಲ, ನಾನೂ ಬರುತ್ತೇನೆನ್ನಲಿಲ್ಲ. ಅಮ್ಮನಿಗೆ, ಗುಂಡನಿಗೆ ಆ ಹಾಡು ಕಲಿಸಿದ್ದಾಯಿತು, ಆಮೇಲೆ ಕೇಳಿದವರಿಗೆಲ್ಲ ಕಲಿಸಿದ್ದೂ ಆಯಿತು. ಆದರೂ ನಾನು ಗಡಿಕಲ್ಲು ದಾಟಿದ್ದು ಆ ಒಂದೇ ಸಲ. ಗುಡಿಯ ಜಗಲಿಯಲ್ಲಿ ಸಂಜೆ ಕಾವ್ಯ ಓದುವವಳು ನಾನಾದೆ. ಅಪ್ಪ ಎಡಗಡೆಯ ಮೂರನೇ ಕಂಬಕ್ಕೆ ಒರಗಿ ಕೂರುತ್ತಿದ್ದ. ರಥ ಹೂತುಹೋಗುವ ಪದ್ಯ ಬಂದಾಗಲೆಲ್ಲ, "ಆಹಾ, ಇದು ನನ್ನ ಹತ್ರ ಇತ್ತಾ?" ಎಂದು ಪಕ್ಕದವರನ್ನು ಕೇಳುತ್ತಿದ್ದ. ಇತ್ತು ಎಂದರೆ ಮಗುವಿನಂತೆ ಹಿಗ್ಗುತ್ತಿದ್ದ.

ಅಜ್ಜಿ ಮತ್ತೆ ಒಂಬತ್ತು ವರ್ಷ ಇದ್ದಳು. ದಿನ ಬೆಳಿಗ್ಗೆ ಬಾಚುವವಳು ಅವಳು, ಹಾಡುವವಳು ನಾನು. ದಿನವೂ ಕೇಳುವಳು, "ಇದೇನಾ?" ದಿನವೂ ಹೇಳುವೆನು, "ಇದೇ." ಕಿವಿಯ ಹತ್ತಿರ ಬಾಚಣಿಗೆ ನಿಲ್ಲುತ್ತಿರಲಿಲ್ಲ. ಕಡೆಕಡೆಗೆ ಅವಳಿಗೂ ಅಕ್ಕನಂತೆಯೇ ಮಾತು ನಿಂತಿತು. ಕೈ ಮಾತ್ರ ಓಡುತ್ತಿತ್ತು. ಒಂದು ಬೆಳಿಗ್ಗೆ ನಾನು ಹಾಡಿ ಮುಗಿಸಿದ ಮೇಲೆ, ಎಷ್ಟೋ ವರ್ಷಗಳ ನಂತರ, ಬಾಚಣಿಗೆ ಮತ್ತೆ ಕಿವಿಯ ಹತ್ತಿರ ಬಂದು ನಿಂತಿತು. ನಾನು ತಿರುಗದೆ ಕಾದೆ. ಅದು ಅಲ್ಲೇ ನಿಂತಿತ್ತು.

"ಇದೇ ಅಜ್ಜಿ" ಎಂದೆ.

ಬಾಚಣಿಗೆ ಸಿಕ್ಕು ಬಿಡಿಸಿಕೊಂಡು ಕೂದಲಿನ ತುದಿಯವರೆಗೂ ಇಳಿಯಿತು.